ಒಬ್ಬ ಮಗಳು, ಎರಡು ಹೆಸರು

ಮನೆಯಲ್ಲಿ ಹೆಣ್ಣುಮಗು ಹುಟ್ಟಿದೆ. ಹೆಸರಿಡಬೇಕು. ಅಜ್ಜಿಗೆ ಒಂದು ಹೆಸರಿನ ಮೇಲೆ ಆಸೆ. ತಾಯಿಯ ಮನಸ್ಸಿನಲ್ಲಿ ಇನ್ನೊಂದು. ತಂದೆ ಇನ್ನೂ ಯಾವುದಕ್ಕೂ ಹೂಂ ಎಂದಿಲ್ಲ. ಇದು ಎಲ್ಲ ನಾಡಿನಲ್ಲೂ ನಡೆಯುವ ಮಾತುಕತೆ. ಯೆಹೂದಿ ಮನೆಗಳಲ್ಲಿ ಈ ಮಾತುಕತೆಗೆ ಇನ್ನೊಂದು ಪ್ರಶ್ನೆಯೂ ಸೇರಿಕೊಳ್ಳುತ್ತದೆ. ಮಗುವಿಗೆ ಯೆಹೂದಿ ಹೆಸರಿಡಬೇಕೆ? ಇಲ್ಲ, ಸುತ್ತಲಿನ ಸಮಾಜದಲ್ಲಿ ಎಲ್ಲರೂ ಇಟ್ಟುಕೊಳ್ಳುವ, ಧರ್ಮದ ಗುರುತಿಲ್ಲದ ಹೆಸರಿಡಬೇಕೆ? ಈ ಎರಡನೆಯದನ್ನು ಇವತ್ತಿನ ಮಾತಿನಲ್ಲಿ ಲೌಕಿಕ ಹೆಸರು ಎಂದು ಕರೆಯೋಣ.

ಜಗತ್ತಿನಲ್ಲಿ ಯೆಹೂದಿಗಳ ಸಂಖ್ಯೆ ಸುಮಾರು ಒಂದೂವರೆ ಕೋಟಿ. ಹೆಚ್ಚಿನವರು ಇಸ್ರೇಲಿನಲ್ಲಿ ಮತ್ತು ಅಮೆರಿಕದಲ್ಲಿ ಇದ್ದಾರೆ. ನಮ್ಮ ದೇಶದಲ್ಲಿ ಉಳಿದಿರುವವರು ಕೆಲವೇ ಸಾವಿರ. ಎರಡು ಸಾವಿರ ವರ್ಷಗಳಿಗೂ ಮೀರಿ ಬೇರೆ ಬೇರೆ ಭಾಷೆಗಳ ನಡುವೆ ಬದುಕಿ ಬಂದ ಸಣ್ಣ ಸಮುದಾಯ ಅದು. ಮಗಳ ಹೆಸರಿನಲ್ಲಿ ಅವರಿಗೆ ಹಿಂದಿನ ತಲೆಮಾರೂ ಕಾಣುತ್ತದೆ, ಮುಂದಿನ ಬದುಕೂ ಕಾಣುತ್ತದೆ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಹೆಸರು ಯಾವ ಭಾಷೆಯಿಂದ ಬಂತು ಎನ್ನುವುದಕ್ಕಿಂತ, ಅದನ್ನು ಯಾರು ಕೊಟ್ಟರು, ಯಾಕೆ ಕೊಟ್ಟರು ಎನ್ನುವುದು ದೊಡ್ಡದು. ಯಾಕೆ ಹಾಗೆ ಎನ್ನುತ್ತೇನೆ, ಒಂದೊಂದಾಗಿ ನೋಡೋಣ.

ಮೊದಲು ಹೆಸರಿಡುವ ಪದ್ಧತಿ. ಗಂಡುಮಗುವಾದರೆ ಎಂಟನೆಯ ದಿನ ಸುನ್ನತಿ. ಆ ಹೊತ್ತಿನಲ್ಲೇ ಹೆಸರನ್ನೂ ಸಾರುತ್ತಾರೆ. ಹೆಣ್ಣುಮಗುವಿಗೆ ಇಂಥದೇ ದಿನ ಎಂಬ ಕಟ್ಟಳೆಯಿಲ್ಲ. ಹಳೆಯ ರೂಢಿಯಲ್ಲಿ ತಂದೆ ಸಿನಗಾಗಿಗೆ ಹೋಗುತ್ತಾನೆ. ಸಿನಗಾಗ್ ಎಂದರೆ ಅವರ ಪ್ರಾರ್ಥನಾ ಮಂದಿರ. ಅಲ್ಲಿ ತೋರಾ ಓದುವ ದಿನ ಅವನನ್ನು ಮುಂದಕ್ಕೆ ಕರೆಯುತ್ತಾರೆ. ತೋರಾ ಅವರ ಧರ್ಮಗ್ರಂಥ. ಚರ್ಮದ ಉದ್ದನೆಯ ಸುರುಳಿಯ ಮೇಲೆ ಕೈಯಿಂದಲೇ ಬರೆದದ್ದು. ತಾಯಿಗೂ ಮಗುವಿಗೂ ಒಳಿತಾಗಲಿ ಎಂಬ ಪ್ರಾರ್ಥನೆ ಅಲ್ಲಿ ನಡೆಯುತ್ತದೆ. ಆ ಪ್ರಾರ್ಥನೆಯ ನಡುವೆ ಮಗಳ ಹೆಸರು ಮೊದಲ ಸಲ ಸಭೆಗೆ ಕೇಳುತ್ತದೆ.

ಸ್ಪೇನ್ ಮೂಲದ ಯೆಹೂದಿಗಳನ್ನು ಸೆಫಾರ್ದಿಗಳು ಎನ್ನುತ್ತಾರೆ. ಅವರಲ್ಲಿ ಜೇವೆದ್ ಹಬತ್ ಎಂಬ ಹಳೆಯ ಆಚರಣೆ ಇದೆ. ಮಗಳೆಂಬ ಉಡುಗೊರೆ ಬಂತು ಎಂದು ದೇವರಿಗೆ ಕೃತಜ್ಞತೆ ಹೇಳುವ ಆಚರಣೆ. ಅಮೆರಿಕದಲ್ಲಿ 1970ರ ದಶಕದಿಂದ ಈಚೆಗೆ ಸಿಮ್ಹತ್ ಬತ್ ಎಂಬ ಸಮಾರಂಭ ಹಬ್ಬಿದೆ. ಮಗಳು ಬಂದ ಸಂತೋಷಕ್ಕೆ ಬಂಧುಬಳಗವೆಲ್ಲ ಸೇರುತ್ತಾರೆ. ತಾಯಿತಂದೆ ಎದ್ದು ನಿಂತು, ಈ ಹೆಸರನ್ನು ಯಾಕೆ ಆರಿಸಿದೆವು ಎಂದು ಎಲ್ಲರಿಗೂ ಹೇಳುತ್ತಾರೆ.

ಯಾರ ಹೆಸರನ್ನು ಇಡುವುದು? ಇದರಲ್ಲಿ ಎರಡು ದಾರಿ. ಪೋಲೆಂಡ್, ಜರ್ಮನಿ, ರಷ್ಯಾ ಕಡೆಯ ಯೆಹೂದಿಗಳು ಅಶ್ಕೆನಾಜಿಗಳು. ಅವರು ತೀರಿಹೋದ ಹಿರಿಯರ ಹೆಸರನ್ನು ಮಾತ್ರ ಇಡುತ್ತಾರೆ. ಬದುಕಿರುವವರ ಹೆಸರಿಟ್ಟರೆ ಅಪಶಕುನ ಎಂಬ ಅಳುಕು. ಸೆಫಾರ್ದಿಗಳಲ್ಲಿ ಇದಕ್ಕೆ ತಿರುವುಮುರುವು. ಬದುಕಿರುವ ಅಜ್ಜಿಯ ಹೆಸರನ್ನೇ ಮೊಮ್ಮಗಳಿಗೆ ಇಡುತ್ತಾರೆ. ಅಜ್ಜಿಗೆ ಅದು ದೊಡ್ಡ ಗೌರವ. ಪದ್ಧತಿ ಬೇರೆಯಾದರೂ ಆಸೆ ಒಂದೇ. ಮನೆಯಲ್ಲಿ ಒಬ್ಬರ ಹೆಸರು ಕೂಗುವುದು ನಿಲ್ಲಬಾರದು.

ನಮ್ಮ ಮನೆಗಳಲ್ಲಿ ತೊಟ್ಟಿಲಿಗೆ ಹಾಕುವಾಗ ಕಿವಿಯಲ್ಲಿ ಹೇಳುವ ಹೆಸರು ಒಂದು, ಶಾಲೆಯ ದಾಖಲೆಯ ಹೆಸರು ಇನ್ನೊಂದು ಇರುವುದುಂಟು. ಯೆಹೂದಿ ಮಗುವಿಗೂ ಹಾಗೆಯೇ ಎರಡು ಹೆಸರು ಇರಬಹುದು. ಧಾರ್ಮಿಕ ಹೆಸರು ಸಾಮಾನ್ಯವಾಗಿ ಹೀಬ್ರೂ ಭಾಷೆಯದು. ಮುಂದೆ ತಂದೆಯ ಹೆಸರು ಸೇರುತ್ತದೆ. ಸಾರಾ, ಅಬ್ರಹಾಮನ ಮಗಳು. ಹೀಗೆ. ಮದುವೆಯ ಕರಾರುಪತ್ರದಲ್ಲಿ ಆ ಹೆಸರು ಬರುತ್ತದೆ. ಕೊನೆಗೆ ಸಮಾಧಿಯ ಕಲ್ಲಿನ ಮೇಲೂ ಬರುತ್ತದೆ. ಕಾಯಿಲೆ ಬಿದ್ದಾಗ ಮಾಡುವ ಪ್ರಾರ್ಥನೆಯಲ್ಲಿ ಮಾತ್ರ ತಂದೆಯ ಬದಲು ತಾಯಿಯ ಹೆಸರು ಸೇರಿಸುವುದು ರೂಢಿ.

ಇಷ್ಟು ಪದ್ಧತಿಯಾಯಿತು. ಹೆಸರಿಡಲು ಹಿರಿಯರ ನೆನಪೇ ಆಧಾರ, ಮಗುವಿಗೆ ಎರಡು ಹೆಸರಿರಬಹುದು ಎಂದು ನೋಡಿದೆವು. ಇನ್ನು ಚರಿತ್ರೆಗೆ ಬರೋಣ. ಹೆಣ್ಣುಮಕ್ಕಳ ವಿಷಯದಲ್ಲಿ ಯೆಹೂದಿ ಹೆಸರಿಗೂ ಲೌಕಿಕ ಹೆಸರಿಗೂ ನಡುವೆ ಗಟ್ಟಿಯಾದ ಗೋಡೆ ಹಿಂದೆಯೂ ಇರಲಿಲ್ಲ.

ಗಂಡುಮಗು ದೊಡ್ಡವನಾದ ಮೇಲೆ ಸಿನಗಾಗಿನಲ್ಲಿ ತೋರಾದ ಮುಂದೆ ಅವನ ಹೆಸರು ಹಿಡಿದು ಕರೆಯುತ್ತಾರೆ. ಆದ್ದರಿಂದ ಅವನಿಗೆ ಪವಿತ್ರ ಭಾಷೆಯ ಹೆಸರು ಬೇಕೇ ಬೇಕು ಎಂದು ಧರ್ಮಗುರುಗಳು ಹೇಳಿದರು. ಹೆಣ್ಣನ್ನು ಹಾಗೆ ಕರೆಯುವ ರೂಢಿ ಇರಲಿಲ್ಲ. ಹಾಗಾಗಿ ಅವಳ ಹೆಸರನ್ನು ಮನೆಯ ಮಾತಿನಲ್ಲೇ ಇಟ್ಟರು. ಪೂರ್ವ ಯುರೋಪಿನ ಯೆಹೂದಿಗಳ ಮನೆಮಾತು ಯಿಡ್ಡಿಷ್. ಅಲ್ಲಿ ಮಗಳು ಗೋಲ್ಡಾ ಆದಳು, ಚಿನ್ನ. ಬ್ಲೂಮಾ ಆದಳು, ಹೂವು. ಫೇಗಲ್ ಆದಳು, ಹಕ್ಕಿ. ಸ್ಪೇನ್ ಮೂಲದ ಮನೆಗಳಲ್ಲಿ ಲೂನಾ ಎಂದರು, ಚಂದ್ರ. ರೇನಾ ಎಂದರು, ರಾಣಿ. ಅರಬ್ ನಾಡುಗಳಲ್ಲಿ ಹಬೀಬಾ ಎಂದರು, ಅಜೀಜಾ ಎಂದರು. ಅಕ್ಕಪಕ್ಕದ ಮುಸ್ಲಿಂ ಮನೆಯ ಮಗಳಿಗೂ ಅದೇ ಹೆಸರು ಇದ್ದಿರಬಹುದು.

ಈ ಹೆಸರುಗಳಲ್ಲಿ ಅಷ್ಟೊಂದು ಮುದ್ದಿದೆ. ಅವುಗಳ ಹಿಂದೆ ಒಂದು ಕೊರತೆಯೂ ಇದೆ. ಮಗಳ ಹೆಸರಿಗೆ ಆ ಸ್ವಾತಂತ್ರ್ಯ ಸಿಕ್ಕಿದ್ದು ಯಾಕೆ? ಸಭೆಯಲ್ಲಿ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಅದಕ್ಕೆ. ಇದು ನನಗೆ ನೋವಿನ ಸಂಗತಿಯಾಗಿ ಕಾಣುತ್ತದೆ.

ಆ ಕೊರತೆ ಮೆಲ್ಲಗೆ ತುಂಬುತ್ತಾ ಬಂದಿದೆ. 1922ರಲ್ಲಿ ನ್ಯೂಯಾರ್ಕಿನಲ್ಲಿ ಜೂಡಿತ್ ಕಪ್ಲಾನ್ ಎಂಬ ಹುಡುಗಿ ಸಿನಗಾಗಿನಲ್ಲಿ ಎಲ್ಲರ ಮುಂದೆ ನಿಂತು ತೋರಾದ ಭಾಗವೊಂದನ್ನು ಓದಿದಳು. ವಯಸ್ಸು ಇನ್ನೂ 12. ಅವಳ ತಂದೆ ರಬ್ಬಿ, ಅಂದರೆ ಧರ್ಮಗುರು. ಧರ್ಮದ ಹೊಣೆ ಹೊರುವ ವಯಸ್ಸಿಗೆ ಬಂದಳೆಂದು ಅಮೆರಿಕದಲ್ಲಿ ಹುಡುಗಿಯೊಬ್ಬಳಿಗೆ ಹೀಗೆ ಬಹಿರಂಗವಾಗಿ ನಡೆದ ಮೊದಲ ಸಂಸ್ಕಾರ ಇದು ಎನ್ನುತ್ತಾರೆ. 1972ರಲ್ಲಿ ಅಮೆರಿಕದ ಯೆಹೂದಿ ಧಾರ್ಮಿಕ ವಿದ್ಯಾಲಯವೊಂದು ಮೊದಲ ಬಾರಿಗೆ ಮಹಿಳೆಗೆ ರಬ್ಬಿ ಪದವಿ ಕೊಟ್ಟಿತು. ಅವರ ಹೆಸರು ಸ್ಯಾಲಿ ಪ್ರೀಸ್ಯಾಂಡ್. ಕೇಳಿದಿರಲ್ಲ, ಸ್ಯಾಲಿ. ಧರ್ಮಪೀಠದಲ್ಲಿ ನಿಂತವರ ಹೆಸರೇ ಲೌಕಿಕವಾಗಿತ್ತು. ಇವತ್ತು ಸುಧಾರಣಾವಾದಿ ಸಿನಗಾಗುಗಳಲ್ಲಿ ಹೆಣ್ಣುಮಕ್ಕಳನ್ನೂ ಗಂಡುಮಕ್ಕಳಂತೆಯೇ ಹೆಸರು ಹಿಡಿದು ತೋರಾದ ಮುಂದೆ ಕರೆಯುತ್ತಾರೆ. ಹಾಗಾಗಿ ಮಗಳಿಗೂ ಹೀಬ್ರೂ ಹೆಸರು ಬೇಕು ಎಂಬ ಆಸೆ ಬೆಳೆದಿದೆ. ಈ ಆಸೆ ನ್ಯಾಯವಾದದ್ದು.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಹೆಣ್ಣುಮಕ್ಕಳಿಗೆ ಮನೆಮಾತಿನ ಹೆಸರಿಡುವುದು ಹಳೆಯ ಯೆಹೂದಿ ರೂಢಿಯೇ. ಹೀಬ್ರೂ ಹೆಸರಿನ ಆಸೆ ಅವರಿಗೆ ಸಿಕ್ಕ ಹೊಸ ಸ್ಥಾನದಿಂದ ಬಂದದ್ದು. ಈಗ ಇನ್ನೂ ಹಿಂದಕ್ಕೆ ಹೋಗೋಣ. ಯಾವುದು ಅಚ್ಚ ಯೆಹೂದಿ ಹೆಸರು?

ಎಸ್ತೇರ್ ಎಂಬ ಹೆಸರನ್ನು ತೆಗೆದುಕೊಳ್ಳಿ. ಇದಕ್ಕಿಂತ ಯೆಹೂದಿ ಹೆಸರು ಇನ್ನೊಂದು ಇಲ್ಲ ಎಂದೇ ಎಲ್ಲರೂ ಹೇಳುತ್ತಾರೆ. ಪರ್ಷಿಯಾದ ಅರಮನೆಯಲ್ಲಿ ರಾಣಿಯಾಗಿದ್ದುಕೊಂಡು ತನ್ನ ಜನರ ಪ್ರಾಣ ಉಳಿಸಿದವಳು ಅವಳು. ಅವಳ ಕಥೆಯನ್ನು ಪುರೀಮ್ ಹಬ್ಬದ ದಿನ ವರ್ಷವರ್ಷವೂ ಓದುತ್ತಾರೆ. ಬೈಬಲಿನ ಆ ಪುಸ್ತಕದಲ್ಲಿ ಅವಳಿಗೆ ಎರಡು ಹೆಸರಿದೆ. ಹೀಬ್ರೂ ಹೆಸರು ಹದಸ್ಸಾ. ಎಸ್ತೇರ್ ಎನ್ನುವುದು ಹೊರಗಿನ ಹೆಸರು. ಪರ್ಷಿಯನ್ ಮಾತಿನ ನಕ್ಷತ್ರದಿಂದ ಬಂತೆನ್ನುವವರಿದ್ದಾರೆ. ಬ್ಯಾಬಿಲೋನಿನ ದೇವತೆ ಇಷ್ತಾರಳಿಂದ ಬಂತೆನ್ನುವವರೂ ಇದ್ದಾರೆ. ಅಂತೂ ಅನ್ಯರ ನಾಡಿನ ಹೆಸರು. ಅವಳು ಆ ಹೆಸರಿನಲ್ಲಿ ಬದುಕಿದ್ದರಿಂದ ಅದು ಯೆಹೂದಿ ಹೆಸರಾಯಿತು.

ಎರಡು ಸಾವಿರ ವರ್ಷಗಳ ಹಿಂದೆ ಜೆರುಸಲೇಮಿನಲ್ಲಿ ಒಬ್ಬ ರಾಣಿ ಸುಮಾರು ಹತ್ತು ವರ್ಷ ಆಳಿದಳು. ಅವಳಿಗೂ ಎರಡು ಹೆಸರು. ಶೆಲಾಮ್‌ಜಿಯೋನ್ ಎಂಬುದು ಹೀಬ್ರೂ. ಅಲೆಕ್ಸಾಂಡ್ರಾ ಎಂಬುದು ಗ್ರೀಕ್. ಆ ಕಾಲದಲ್ಲೂ ಬಳಕೆಯಲ್ಲಿದ್ದ ಇನ್ನೊಂದು ಹೆಸರು ಮಿರಿಯಮ್. ಯೆಹೂದಿಗಳ ಪ್ರವಾದಿ ಮೋಶೆಯ ಅಕ್ಕನ ಹೆಸರು. ಅದು ಊರೂರು ಸುತ್ತಿ ಮರಿಯಾ ಆಯಿತು, ಮೇರಿ ಆಯಿತು. ದಕ್ಷಿಣ ಭಾರತದ ಕ್ರೈಸ್ತರ ಮನೆಗಳಲ್ಲಿ ಮರಿಯಮ್ಮ ಆಯಿತು. ಮುಸ್ಲಿಮರ ಮನೆಗಳಲ್ಲಿ ಮರಿಯಂ ಆಯಿತು. ಎಲಿಜಬೆತ್ ಎಂಬ ಹೆಸರೂ ಹಾಗೆಯೇ. ಮೋಶೆಯ ಅಣ್ಣ ಆರೋನನ ಹೆಂಡತಿಯ ಹೆಸರು ಎಲಿಶೆಬಾ. ಅದೇ ಎಲಿಜಬೆತ್ ಆಗಿ ಇಂಗ್ಲೆಂಡಿನ ರಾಣಿಯರಿಗೆ ಬಂತು. ಹುಟ್ಟಿನಿಂದ ಮೇರಿ ಹೀಬ್ರೂ ಹೆಸರು. ಆದರೂ ಯುರೋಪಿನ ಹೆಚ್ಚಿನ ಯೆಹೂದಿ ಮನೆಗಳು ಆ ಹೆಸರಿಗೆ ಹಿಂಜರಿದವು. ಎಸ್ತೇರ್ ಹೊರಗಿನ ಹೆಸರು. ಅದನ್ನು ಎದೆಗಪ್ಪಿಕೊಂಡವು. ಹೆಸರಿನ ಹುಟ್ಟೂರು ನೋಡಿ ಯೆಹೂದಿ, ಲೌಕಿಕ ಎಂದು ವಿಂಗಡಿಸುವುದು ಸಾಧ್ಯವಿಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನಮ್ಮ ದೇಶದ ಯೆಹೂದಿಗಳೂ ಇದೇ ಮಾತನ್ನು ಬದುಕಿ ತೋರಿಸಿದ್ದಾರೆ. ಕೊಂಕಣ ತೀರದ ಬೆನೆ ಇಸ್ರೇಲಿಗಳ ಮನೆಮಾತು ಮರಾಠಿ. ಅವರಲ್ಲಿ ಸ್ಯಾಮ್ಯುಯಲ್ ಎಂಬುದು ಸಾಮಾಜಿ ಆಯಿತು. ಅಬ್ರಹಾಂ ಎಂಬುದು ಅಬಾಜಿ ಆಯಿತು. ಊರಿನ ಹೆಸರಿಗೆ ಕರ್ ಸೇರಿ ಪೇಣಕರ್, ರೋಹೇಕರ್ ಎಂಬ ಮನೆತನದ ಹೆಸರುಗಳಾದವು. ಮಿಸ್ ಸ್ಯಾಮ್ಯುಯಲ್ ಎಂಬ ಹಿಂದಿ ಕಾದಂಬರಿ ಈ ಸಮುದಾಯದ ಕಥೆ. ಬರೆದವರು ಅದೇ ಸಮುದಾಯದ ಶೀಲಾ ರೋಹೇಕರ್. ಶೀಲಾ ಎಂಬ ಹೆಸರು ಅವರ ಬರಹಕ್ಕೆ ಎಲ್ಲಿಯೂ ಅಡ್ಡ ಬರಲಿಲ್ಲ.

ಬಾಗ್ದಾದ್ ಕಡೆಯಿಂದ ಬಂದು ಮುಂಬಯಿ, ಕಲ್ಕತ್ತಾಗಳಲ್ಲಿ ನೆಲೆಸಿದ ಯೆಹೂದಿಗಳ ಹೆಣ್ಣುಮಕ್ಕಳನ್ನು ನಮ್ಮ ಹಿರಿಯರು ತೆರೆಯ ಮೇಲೆ ಕಂಡಿದ್ದಾರೆ. ಮೂಕಿ ಚಿತ್ರಗಳ ಕಾಲದ ದೊಡ್ಡ ತಾರೆ ಸುಲೋಚನಾ. ಮನೆಯ ಹೆಸರು ರೂಬಿ ಮೈಯರ್ಸ್. 1973ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. 1947ರಲ್ಲಿ ಮಿಸ್ ಇಂಡಿಯಾ ಆದವರು ಪ್ರಮೀಳಾ. ಮನೆಯ ಹೆಸರು ಎಸ್ತೇರ್ ವಿಕ್ಟೋರಿಯಾ ಅಬ್ರಹಾಂ. ಶ್ರೀ 420 ಚಿತ್ರದ ನಾದಿರಾ ಮನೆಯಲ್ಲಿ ಫ್ಲಾರೆನ್ಸ್. ರೂಬಿ, ವಿಕ್ಟೋರಿಯಾ, ಫ್ಲಾರೆನ್ಸ್ ಇವೆಲ್ಲ ಆ ಕಾಲದ ಇಂಗ್ಲಿಷ್ ಹೆಸರುಗಳು. ಯೆಹೂದಿ ತಾಯಂದಿರು ಪ್ರೀತಿಯಿಂದ ಆರಿಸಿದ ಹೆಸರುಗಳು.

ಕೇಳುಗರೇ, ಹೆಸರುಗಳು ನಾಡಿನಿಂದ ನಾಡಿಗೆ ಹೋದದ್ದನ್ನು ನೋಡಿದೆವು. ಎಸ್ತೇರಳಿಂದ ಸುಲೋಚನಾವರೆಗೆ ಯಾರ ಹೆಸರೂ ಅವರ ಯೆಹೂದಿತನವನ್ನು ಕಿತ್ತುಕೊಳ್ಳಲಿಲ್ಲ. ಈಗ ಕಷ್ಟದ ಭಾಗಕ್ಕೆ ಬರಬೇಕು. ಎಷ್ಟೋ ತಾಯಿತಂದೆಯರು ಲೌಕಿಕ ಹೆಸರನ್ನು ಆರಿಸುವುದು ಭಯದಿಂದ. ಹೆಸರು ಕೇಳಿದ ಕೂಡಲೇ ಮಗಳ ಧರ್ಮ ಗೊತ್ತಾಗದಿರಲಿ, ಅವಳಿಗೆ ಕೇಡಾಗದಿರಲಿ ಎಂದು. ಆ ಭಯ ಸುಮ್ಮನೆ ಬಂದದ್ದಲ್ಲ.

1938ರ ಆಗಸ್ಟ್ ತಿಂಗಳಲ್ಲಿ ಹಿಟ್ಲರನ ಜರ್ಮನಿಯಲ್ಲಿ ಒಂದು ಆಜ್ಞೆ ಹೊರಟಿತು. ಯೆಹೂದಿಗಳು ಯಾವ ಹೆಸರು ಇಟ್ಟುಕೊಳ್ಳಬಹುದು ಎಂದು ಸರ್ಕಾರವೇ ಒಂದು ಪಟ್ಟಿ ಮಾಡಿತು. ನಿಮ್ಮ ಹೆಸರು ಆ ಪಟ್ಟಿಯಲ್ಲಿ ಇಲ್ಲವೋ, ನಿಮ್ಮ ಹೆಸರಿನ ಜೊತೆ ಇನ್ನೊಂದು ಹೆಸರು ಸೇರಿಸಿಕೊಳ್ಳಲೇಬೇಕು. ಗಂಡಸರೆಲ್ಲ ಇಸ್ರೇಲ್. ಹೆಂಗಸರೆಲ್ಲ ಸಾರಾ. 1939ರ ಜನವರಿಯಿಂದ ಜಾರಿ. ಗುರುತಿನ ಚೀಟಿಯಲ್ಲಿ ಸಾರಾ. ಪತ್ರಕ್ಕೆ ಹಾಕುವ ಸಹಿಯಲ್ಲೂ ಸಾರಾ. ಊರಿನ ಯೆಹೂದಿ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಒಂದೇ ಹೆಸರಿನವರು.

ಸಾರಾ ಯಾರು? ಯೆಹೂದಿಗಳ ಮೂಲಮಾತೆ. ಅಬ್ರಹಾಮನ ಹೆಂಡತಿ. ಸಾವಿರಾರು ವರ್ಷ ತಾಯಂದಿರು ಆ ಹೆಸರನ್ನು ಮುತ್ತಿಟ್ಟು ಮಗಳಿಗೆ ಕೊಟ್ಟಿದ್ದರು. ಅದೇ ಹೆಸರನ್ನು ಆ ಸರ್ಕಾರ ಬರೆ ಎಳೆಯಲು ಬಳಸಿತು. ಬರ್ಲಿನಿನಲ್ಲಿ ರೆಗೀನಾ ಯೋನಾಸ್ ಎಂಬ ವಿದುಷಿ ಇದ್ದರು. 1935ರಲ್ಲಿ ರಬ್ಬಿ ಪದವಿ ಪಡೆದ, ಜಗತ್ತಿನ ಮೊದಲ ಮಹಿಳೆ. ರೆಗೀನಾ ಎಂಬುದು ಲ್ಯಾಟಿನ್ ಹೆಸರು. ಆ ಹೆಸರಿನಲ್ಲೇ ಅವರು ಧರ್ಮಗ್ರಂಥ ಓದಿದರು, ಬೋಧಿಸಿದರು. ಅವರ ಹೆಸರಿನ ನಡುವೆಯೂ ಸರ್ಕಾರದ ಸಾರಾ ಬಂದು ಕೂತಿತು. 1944ರಲ್ಲಿ ಆಶ್‌ವಿಟ್ಜ್ ಎಂಬ ಹಿಟ್ಲರನ ಸಾವಿನ ಶಿಬಿರದಲ್ಲಿ ಅವರನ್ನು ಕೊಂದರು.

ಹಿಟ್ಲರನ ಶಿಬಿರದಲ್ಲಿ ಪ್ರಾಣ ಕಳೆದುಕೊಂಡ, ತನ್ನ ದಿನಚರಿಯಿಂದ ನಾವೆಲ್ಲ ಬಲ್ಲ ಆನ್ ಫ್ರಾಂಕ್ ಇದ್ದಾಳೆ. 1929ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಹುಟ್ಟಿದವಳು. ಪೂರ್ಣ ಹೆಸರು ಆನಲೀಸ್ ಮರೀ. ಆಕೆಯ ಓರಗೆಯ ಕ್ರೈಸ್ತ ಹುಡುಗಿಯರಿಗೂ ಇದ್ದಂಥ ಹೆಸರು. ಆ ಹೆಸರು ಅವಳನ್ನು ಕಾಯಲಿಲ್ಲ. ಇದನ್ನು ಹೇಳುವಾಗ ಗಂಟಲು ಕಟ್ಟುತ್ತದೆ. ಹೇಳಲೇಬೇಕು. ದ್ವೇಷ ಹೆಸರು ನೋಡಿ ಹಿಂದಿರುಗುವುದಿಲ್ಲ. ದ್ವೇಷಕ್ಕೆ ಹೆದರಿ ಹೆಸರಿಟ್ಟರೆ ಮಗಳಿಗೆ ಮೊದಲ ಉಡುಗೊರೆಯಾಗಿ ಭಯವನ್ನೇ ಕೊಟ್ಟಂತಾಗುತ್ತದೆ. ಹಾಗೆಂದು ಹೆದರಿದ ತಾಯಿತಂದೆಯರನ್ನು ನಾನು ದೂರುವುದಿಲ್ಲ. ತಪ್ಪು ಅವರನ್ನು ಹೆದರಿಸಿದ ಲೋಕದ್ದು.

ಸಾರಾ ಎಂಬ ಒಂದೇ ಹೆಸರು. ತಾಯಿ ಕೊಟ್ಟಾಗ ಪ್ರೀತಿ. ಸರ್ಕಾರ ಹೇರಿದಾಗ ಸಂಕೋಲೆ. ನಾನು ಆರಂಭದಲ್ಲೇ ಹೇಳಿದ ಮಾತಿನ ತಿರುಳು ಇದು. ಯಾರು ಕೊಟ್ಟರು, ಯಾಕೆ ಕೊಟ್ಟರು.

ಹೇರಿದ ಹೆಸರಿನ ಕಥೆ ಕೇಳಿದೆವು. ಇನ್ನು ಸ್ವತಂತ್ರವಾಗಿ ಆರಿಸಿದವರ ಕಡೆಗೆ ನೋಡೋಣ. ಅಮೆರಿಕಕ್ಕೆ ವಲಸೆ ಹೋದ ಯೆಹೂದಿಗಳು ಒಂದು ಜಾಣ ಉಪಾಯ ಮಾಡಿಕೊಂಡರು. ಅಜ್ಜಿಯ ಹೆಸರಿನ ಮೊದಲ ಅಕ್ಷರವನ್ನು ಉಳಿಸಿಕೊಂಡರು. ಅಜ್ಜಿ ಗೋಲ್ಡಾ ಆದರೆ ಮೊಮ್ಮಗಳು ಗ್ಲೋರಿಯಾ. ಅಜ್ಜಿ ಮಲ್ಕಾ ಆದರೆ ಮೊಮ್ಮಗಳು ಮಾಲಿ. ಶಾಲೆಯಲ್ಲಿ ಅಮೆರಿಕದ ಹೆಸರು. ಸಿನಗಾಗಿನಲ್ಲಿ ಅಜ್ಜಿಯ ಹೆಸರು. ಈ ಪದ್ಧತಿ ಇವತ್ತಿಗೂ ನಡೆಯುತ್ತಿದೆ.

ಇನ್ನೊಂದು ದಾರಿ, ಎರಡು ಹೆಸರನ್ನೂ ದಾಖಲೆಯಲ್ಲೇ ಬರೆಸುವುದು. ಬ್ರೂಕ್ಲಿನ್‌ನಲ್ಲಿ 1933ರಲ್ಲಿ ಹುಟ್ಟಿದ ಒಂದು ಹೆಣ್ಣುಮಗುವಿಗೆ ಜೋನ್ ರೂತ್ ಎಂದು ಹೆಸರಿಟ್ಟರು. ಶಾಲೆಗೆ ಸೇರಿದಾಗ ತರಗತಿಯಲ್ಲಿ ಹಲವು ಜೋನ್‌ಗಳು ಇದ್ದರು. ನನ್ನ ಮಗಳನ್ನು ರೂತ್ ಎಂದು ಕರೆಯಿರಿ ಎಂದು ತಾಯಿ ಶಿಕ್ಷಕಿಗೆ ಹೇಳಿದರು. ಮುಂದೆ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದ ರೂತ್ ಬೇಡರ್ ಗಿನ್ಸ್‌ಬರ್ಗ್ ಇವರೇ. ಬೈಬಲಿನ ಹೆಸರು ನಡುವೆ ಕಾದು ಕುಳಿತಿತ್ತು. ಬೇಕಾದಾಗ ಮುಂದೆ ಬಂತು.

ಇಸ್ರೇಲಿನಲ್ಲಿ ಪ್ರಶ್ನೆಯ ರೂಪವೇ ಬೇರೆ. ಅಲ್ಲಿ ಹೀಬ್ರೂ ದಿನಬಳಕೆಯ ಭಾಷೆ. ಧರ್ಮ ಆಚರಿಸದ ಮನೆಯಲ್ಲೂ ಮಗಳ ಹೆಸರು ಹೀಬ್ರೂ. ತಾಲ್ ಎಂದರೆ ಇಬ್ಬನಿ. ಶಿರಾ ಎಂದರೆ ಹಾಡು. ನೋಆ ಎಂಬ ಹೆಸರು ಬಹಳ ವರ್ಷ ಅಲ್ಲಿ ಮುಂಚೂಣಿಯಲ್ಲಿತ್ತು. ತಂದೆಯ ಆಸ್ತಿಯಲ್ಲಿ ನಮಗೂ ಪಾಲು ಬೇಕು ಎಂದು ಮೋಶೆಯ ಮುಂದೆ ನಿಂತು ಕೇಳಿ ಗೆದ್ದ ಐವರು ಅಕ್ಕತಂಗಿಯರಲ್ಲಿ ಒಬ್ಬಳು ಬೈಬಲಿನ ನೋಆ. ಗೋಲ್ಡಾ ಮೇಯರ್ ಅವರನ್ನೂ ನೆನೆಯಬೇಕು. 1956ರಲ್ಲಿ ವಿದೇಶಾಂಗ ಸಚಿವೆಯಾದಾಗ ಪ್ರಧಾನಿಯ ಒತ್ತಾಯದಿಂದ ಮನೆತನದ ಹೆಸರನ್ನು ಹೀಬ್ರೂ ಮಾಡಿಕೊಂಡರು. ಗೋಲ್ಡಾ ಎಂಬ ಯಿಡ್ಡಿಷ್ ಹೆಸರನ್ನು ಹಾಗೇ ಉಳಿಸಿಕೊಂಡರು. 1969ರಲ್ಲಿ ಆ ದೇಶದ ಪ್ರಧಾನಿಯಾದದ್ದೂ ಅದೇ ಹೆಸರಿನಲ್ಲಿ.

ಅಮೆರಿಕದಲ್ಲಿ ನೆಲೆಸಿದ ಭಾರತೀಯ ಮನೆಗಳಿಗೂ ಯೆಹೂದಿ ಸೊಸೆ ಬರುತ್ತಾಳೆ, ಯೆಹೂದಿ ಅಳಿಯ ಬರುತ್ತಾನೆ. ಈ ಮಾತು ಕೇಳುತ್ತಿರುವ ಕನ್ನಡದ ಅಜ್ಜಿಯೊಬ್ಬರಿಗೆ ಅಂಥ ಮೊಮ್ಮಗಳು ಇರಲೂಬಹುದು. ಅಂಥ ಮನೆಗೆ ಒಪ್ಪುವ ಹೆಸರುಗಳಿವೆ. ಮಾಯಾ ಇಸ್ರೇಲಿನಲ್ಲೂ ತುಂಬ ಬಳಕೆಯ ಹೆಸರು. ಮೀರಾ ಮಿರಿಯಮ್‌ಳ ಮುದ್ದು ರೂಪವಾಗಿ ಅವರಲ್ಲೂ ಉಂಟು. ರೀನಾ ಎರಡೂ ಕಡೆ ಇದೆ. ಇಬ್ಬರು ಅಜ್ಜಿಯರೂ ನಾಲಿಗೆ ತೊಡರದೆ ಕೂಗಬಹುದು.

ಇಲ್ಲಿಗೆ ದಾರಿಗಳನ್ನೆಲ್ಲ ನೋಡಿದಂತಾಯಿತು. ಒಂದಕ್ಷರ ಉಳಿಸಿಕೊಳ್ಳುವುದು. ಎರಡು ಹೆಸರು ಜೊತೆಗಿಡುವುದು. ಎರಡೂ ಕಡೆ ಸಲ್ಲುವ ಒಂದೇ ಹೆಸರು ಹುಡುಕುವುದು. ಹೆಸರು ಆರಿಸಲು ಕುಳಿತ ತಾಯಿತಂದೆಗೆ ನಾನು ಹೇಳುವುದು ಮೂರು ಮಾತು.

ಮೊದಲನೆಯದು. ಯಾರ ನೆನಪನ್ನು ಉಳಿಸಬೇಕು ಎಂದು ಮೊದಲು ನಿಶ್ಚಯಿಸಿ. ಹೆಸರು ಆಮೇಲೆ ತಾನಾಗಿ ಬರುತ್ತದೆ. ಶಬ್ದದ ಚೆಲುವು ನೋಡಿ ಹೆಸರಿಟ್ಟರೆ ಹತ್ತು ವರ್ಷದಲ್ಲಿ ಅದು ಹಳತಾಗಬಹುದು. ಮುತ್ತಜ್ಜಿಯ ಬದುಕು ಹಳತಾಗುವುದಿಲ್ಲ.

ಎರಡನೆಯದು. ಲೌಕಿಕ ಹೆಸರಿಟ್ಟರೂ ಮಗಳಿಗೆ ಹೀಬ್ರೂ ಹೆಸರನ್ನು ಕೊಡಿ. ಕೊಡುವಾಗ ಗಂಡುಮಗುವಿಗೆ ಮಾಡುವಷ್ಟೇ ಸಂಭ್ರಮ ಮಾಡಿ. ಇಂಥವನ ಮಗಳು ಎನ್ನುವಲ್ಲಿ ತಾಯಿಯ ಹೆಸರನ್ನೂ ಸೇರಿಸಿ. ಹಲವು ಸಿನಗಾಗುಗಳಲ್ಲಿ ಈಗ ಹಾಗೆ ಮಾಡುತ್ತಾರೆ. ಹೆತ್ತವಳ ಹೆಸರನ್ನು ಕಾಯಿಲೆಯ ದಿನಕ್ಕೆ ಮಾತ್ರ ಮೀಸಲಿಡಬಾರದು.

ಮೂರನೆಯದು, ನನ್ನ ಮನಸ್ಸಿಗೆ ತೀರ ಹತ್ತಿರದ್ದು. ಈ ಹೆಸರನ್ನು ಯಾಕೆ ಆರಿಸಿದಿರಿ ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಹಿರಿಯರು ಯಾವ ಊರಿನವರು, ಏನು ಕೆಲಸ ಮಾಡಿದರು, ಏನು ಕಷ್ಟ ಕಂಡರು ಎಂದು ಬರೆಯಿರಿ. ಎರಡು ಹೆಸರಿದ್ದರೆ ಎರಡಕ್ಕೂ ಬರೆಯಿರಿ. ಮಗಳು ಓದುವಷ್ಟು ದೊಡ್ಡವಳಾದಾಗ ಅವಳ ಕೈಗೆ ಕೊಡಿ. ಎರಡರಲ್ಲಿ ಯಾವ ಹೆಸರಿನಿಂದ ಕರೆಸಿಕೊಳ್ಳಬೇಕು ಎಂಬ ತೀರ್ಮಾನವನ್ನೂ ಅವಳಿಗೇ ಬಿಡಿ. ರೂತ್ ಮುಂದೆ ಬರಬಹುದು, ಜೋನ್ ಮುಂದೆ ಬರಬಹುದು. ಕಾರಣ ತಿಳಿದ ಮಗಳಿಗೆ ಎರಡೂ ತನ್ನದೇ.

ಯೆಹೂದಿ ಹೆಸರೋ ಲೌಕಿಕ ಹೆಸರೋ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ. ಭಯದಿಂದ ಇಡಬೇಡಿ. ಬಲವಂತಕ್ಕೆ ಇಡಬೇಡಿ. ಪ್ರೀತಿಯಿಂದ ಆರಿಸಿ, ಕಾರಣ ಹೇಳಿ ಕೊಡಿ. ಹಾಗೆ ಕೊಟ್ಟ ಹೆಸರು ಯಾವ ಭಾಷೆಯದಾದರೂ ಮಗಳು ಅದನ್ನು ತಲೆಯೆತ್ತಿ ಹೇಳುತ್ತಾಳೆ.